ಬಾದಾಮಿಯ ಮರಳುಗಲ್ಲನ್ನು ವಿವರಿಸುವುದು, ವರ್ಗೀಕರಿಸುವುದು ಹೇಗೆ?

ಪ್ರಶ್ನೆ: ಭೂವಿಜ್ಞಾನ ಪದವಿಯ ಕೊನೆಯ ವರ್ಷದ ಕ್ಷೇತ್ರಕಾರ್ಯಕ್ಕೆ ಬಾದಾಮಿಯ ಬೆಟ್ಟಗಳನ್ನು ಆರಿಸಿಕೊಂಡಿದ್ದೇನೆ. ಅಲ್ಲಿನ ಕಲ್ಲನ್ನು ಕೆಲವರು ಮರಳುಗಲ್ಲು ಎನ್ನುತ್ತಾರೆ, ಕೆಲವರು ಕ್ವಾರ್ಟ್ಜೈಟ್, ಮತ್ತೆ ಕೆಲವರು ಅರೆನೈಟ್. ಕಲಾದಗಿ, ಬಾದಾಮಿ, ಕೆರೂರು ಎಂಬ ಹೆಸರುಗಳಲ್ಲಿ ವರದಿಯಲ್ಲಿ ಯಾವುದನ್ನು ಬರೆಯಬೇಕು? ಬಂಡೆಯ ವಿವರಣೆ ಯಾವ ಕ್ರಮದಲ್ಲಿರಬೇಕು?

ಉತ್ತರ: ಎರಡು ಬೇರೆ ಬೇರೆ ವರ್ಗೀಕರಣಗಳು ಬೆರೆತುಹೋಗಿರುವುದೇ ನಿಮ್ಮ ಗೊಂದಲಕ್ಕೆ ಕಾರಣ. ಕೈಯಲ್ಲಿ ಹಿಡಿದ ತುಣುಕು ಯಾವ ಜಾತಿಯ ಕಲ್ಲು ಎಂಬುದು ಒಂದು. ಅದು ಯಾವ ಶಿಲಾಘಟಕಕ್ಕೆ ಸೇರಿದ್ದು ಎಂಬುದು ಇನ್ನೊಂದು. ಮರಳುಗಲ್ಲು, ಅರೆನೈಟ್ (ಕಣಗಳ ನಡುವೆ ನುಣುಪು ಪುಡಿ ಕಡಿಮೆ ಇರುವ ಮರಳುಗಲ್ಲು), ಕ್ವಾರ್ಟ್ಜೈಟ್ (ರೂಪಾಂತರಗೊಂಡ ಮರಳುಗಲ್ಲು) ಇವು ಮೊದಲನೆಯ ಪ್ರಶ್ನೆಗೆ ಉತ್ತರ; ಕಲಾದಗಿ, ಬಾದಾಮಿ, ಕೆರೂರು ಎರಡನೆಯದಕ್ಕೆ. ಮೊದಲನೆಯದನ್ನು ಕಣ ನೋಡಿ ನಿರ್ಧರಿಸುತ್ತೇವೆ, ಎರಡನೆಯದನ್ನು ನಕ್ಷೆಯ ಮೇಲೆ ಗೆರೆ ಎಳೆದು. ಇವೆರಡರ ಮೇಲೆ ಮೂರನೆಯದೊಂದು ಇದೆ: ಈ ಮರಳನ್ನು ನದಿ ತಂದಿತೇ, ಕಡಲು ತಂದಿತೇ, ಗಾಳಿ ತಂದಿತೇ ಎಂಬ ವ್ಯಾಖ್ಯಾನ. ವರದಿಯಲ್ಲಿ ಈ ಮೂರೂ ಬೇರೆ ಬೇರೆ ವಿಭಾಗಗಳಲ್ಲಿ ಇರಬೇಕು. ‘ನದಿಯ ಮರಳುಗಲ್ಲು’ ಎಂದು ವಿವರಣೆಯ ಮೊದಲ ಸಾಲಿನಲ್ಲೇ ಬರೆದುಬಿಟ್ಟರೆ, ಮುಂದೆ ಕಾಣುವುದೆಲ್ಲ ನದಿಯಂತೆಯೇ ಕಾಣತೊಡಗುತ್ತದೆ.

ಘಟಕದ ಹೆಸರುಗಳನ್ನು ಮೊದಲು ನೋಡೋಣ, ಏಕೆಂದರೆ ಅದು ಸುಲಭ. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಹರಡಿರುವ ಈ ಪುರಾತನ ಪದರುಶಿಲೆಗಳಿಗೆ ‘ಕಲಾದಗಿ’ ಎಂಬ ಹೆಸರನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಬಳಕೆಗೆ ತಂದರು. ಅವರ ವಿವರವಾದ ವರದಿ 1876ರಲ್ಲಿ ಪ್ರಕಟವಾಯಿತು. ಈಗ ಇಡೀ ರಾಶಿಗೆ ಕಲಾದಗಿ ಸೂಪರ್‌ಗ್ರೂಪ್ ಎನ್ನುತ್ತಾರೆ. ಅದರೊಳಗೆ ಎರಡು ಗ್ರೂಪ್‌ಗಳು: ಕೆಳಗೆ ಬಾಗಲಕೋಟೆ ಗ್ರೂಪ್, ಮೇಲೆ ಬಾದಾಮಿ ಗ್ರೂಪ್. ಬಾದಾಮಿ ಗ್ರೂಪಿನಲ್ಲಿ ಮತ್ತೆ ಎರಡು ಫಾರ್ಮೇಷನ್‌ಗಳು: ಕೆಳಗಿನದು ಕೆರೂರು, ಮೇಲಿನದು ಕಟಗೇರಿ. ಕೆರೂರು ಫಾರ್ಮೇಷನ್ನಿನ ಬುಡದಲ್ಲಿ ಕೆಂದೂರು ಕಾಂಗ್ಲೋಮರೇಟ್ (ಉಂಡೆಗಲ್ಲುಗಳು ಬೆಸೆದು ಆದ ಕಲ್ಲು), ಅದರ ಮೇಲೆ ಕೇವ್ ಟೆಂಪಲ್ ಅರೆನೈಟ್, ಅದರ ಮೇಲೆ ತೆಳುವಾದ ಹಲಗೇರಿ ಶೇಲ್ (ಕೆಸರು ಗಟ್ಟಿಯಾದ ಪದರುಗಲ್ಲು), ತುದಿಯಲ್ಲಿ ಬೆಳಿಖಿಂಡಿ ಅರೆನೈಟ್, ಇವು ಮೆಂಬರ್‌ಗಳು. ಕಟಗೇರಿಯಲ್ಲಿ ಹಲಕುರ್ಕಿ ಶೇಲ್ ಮತ್ತು ಕೊಂಕಣಕೊಪ್ಪ ಸುಣ್ಣಕಲ್ಲು. ನೀವು ಬಾದಾಮಿಯ ಅಗಸ್ತ್ಯತೀರ್ಥ ಕೆರೆಯ ದಂಡೆಯಲ್ಲಿ ನಿಂತು ನೋಡುವ ಕೆಂಪು ಗೋಡೆ ಈ ಕೇವ್ ಟೆಂಪಲ್ ಅರೆನೈಟ್. ಚಾಲುಕ್ಯರು ಗುಹಾಲಯಗಳನ್ನು ಕೊರೆದದ್ದು ಇದರಲ್ಲೇ. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. 578.

ಹಾಗಾಗಿ ವರದಿಯಲ್ಲಿ ಮೆಟ್ಟಿಲನ್ನು ಪೂರ್ತಿ ಬರೆಯಿರಿ: ಕಲಾದಗಿ ಸೂಪರ್‌ಗ್ರೂಪ್, ಬಾದಾಮಿ ಗ್ರೂಪ್, ಕೆರೂರು ಫಾರ್ಮೇಷನ್, ಕೇವ್ ಟೆಂಪಲ್ ಅರೆನೈಟ್ ಮೆಂಬರ್. ಒಮ್ಮೆ ಹೀಗೆ ಬರೆದ ಮೇಲೆ ಮುಂದೆ ಮೆಂಬರಿನ ಹೆಸರಷ್ಟೇ ಸಾಕು. ಬರಿಯ ‘ಬಾದಾಮಿ ಸ್ಯಾಂಡ್‌ಸ್ಟೋನ್’ ಎಂಬ ಹೆಸರು ಪ್ರವಾಸಿ ಫಲಕಕ್ಕೆ ಸರಿ, ಪದವಿಯ ವರದಿಗೆ ಸಾಲದು. ಆ ಹೆಸರಿನಡಿ ಎರಡು ಅರೆನೈಟ್‌ಗಳು ಕೂಡಿಹೋಗುತ್ತವೆ, ನಡುವಿನ ಶೇಲ್ ಕಳೆದುಹೋಗುತ್ತದೆ.

ಈ ಮೆಟ್ಟಿಲಿನಲ್ಲಿ ಆಧಾರದ ಘಟಕ ಫಾರ್ಮೇಷನ್. ಒಂದು ಶಿಲಾರಾಶಿ ಫಾರ್ಮೇಷನ್ ಎನಿಸಿಕೊಳ್ಳಲು ಅಕ್ಕಪಕ್ಕದ ರಾಶಿಗಿಂತ ಕಲ್ಲಿನ ಗುಣದಲ್ಲಿ ಬೇರೆಯಾಗಿರಬೇಕು, ಅದರ ಮೇಲಿನ ಕೆಳಗಿನ ಗಡಿಗಳನ್ನು ನಕ್ಷೆಯಲ್ಲಿ ಗುರುತಿಸಲು ಬರಬೇಕು, ಮತ್ತು ಬೇರೆಯವರು ಹೋಗಿ ನೋಡಬಹುದಾದ ಮಾದರಿ ಛೇದವೊಂದು ಇರಬೇಕು. ದಪ್ಪ ಇಷ್ಟೇ ಇರಬೇಕೆಂಬ ನಿಯಮ ಇಲ್ಲ. ವಯಸ್ಸಿನ ನಿಯಮವೂ ಇಲ್ಲ. ಇದನ್ನು ವಿದ್ಯಾರ್ಥಿಗಳು ಆಗಾಗ ಮರೆಯುತ್ತಾರೆ. ಕೆಂದೂರು ಕಾಂಗ್ಲೋಮರೇಟ್ ಮಾದರಿ ಛೇದದಲ್ಲಿ ಸುಮಾರು 3 ಮೀಟರ್, ಕೇವ್ ಟೆಂಪಲ್ ಅರೆನೈಟ್ ಸುಮಾರು 90 ಮೀಟರ್. ಎರಡಕ್ಕೂ ಒಂದೇ ದರ್ಜೆ. ಇಡೀ ಬಾದಾಮಿ ಗ್ರೂಪ್ 300 ಮೀಟರ್ ಮುಟ್ಟುವುದಿಲ್ಲ, ಆದರೆ ಕೆಳಗಿನ ಬಾಗಲಕೋಟೆ ಗ್ರೂಪ್ ಕಿಲೋಮೀಟರ್‌ಗಟ್ಟಲೆ ದಪ್ಪ. ಆದರೂ ಇವು ಸಮಾನ ದರ್ಜೆಯ ಎರಡು ಗ್ರೂಪ್‌ಗಳು.

ಅವನ್ನು ಬೇರ್ಪಡಿಸುವುದು ಕೋನೀಯ ಅನ್‌ಕನ್ಫರ್ಮಿಟಿ, ಅಂದರೆ ವಾಲಿ ಸವೆದ ಪದರಗಳ ಮೇಲೆ ಮಟ್ಟಸ ಪದರಗಳು ಕೂತ ಗಡಿ. ಬಾಗಲಕೋಟೆ ಗ್ರೂಪಿನ ಪದರಗಳು ಮಡಿಕೆಬಿದ್ದಿವೆ, ಕೆಲವೆಡೆ ಕಡಿದಾಗಿ ನಿಂತಿವೆ. ಮಡಿಕೆಬಿದ್ದ ಆ ಪದರಗಳ ತಲೆ ಸವೆದು ಚಪ್ಪಟೆಯಾದ ಮೇಲೆ ಬಾದಾಮಿಯ ಮರಳು ಬಂದು ಕೂತಿತು, ಹಾಗಾಗಿ ಇವತ್ತಿಗೂ ಅದು ಬಹುತೇಕ ಮಟ್ಟಸವಾಗಿದೆ. ಕೆಲವು ಕಡೆ ಬಾಗಲಕೋಟೆ ಗ್ರೂಪ್ ಪೂರಾ ಸವೆದುಹೋಗಿ, ಬಾದಾಮಿಯ ಮರಳುಗಲ್ಲು ನೇರವಾಗಿ ಆರ್ಕಿಯನ್ ಕಾಲದ ನೈಸ್, ಗ್ರಾನೈಟ್‌ಗಳ ಮೇಲೆ ಕೂತಿದೆ. ಕ್ಷೇತ್ರದಲ್ಲಿ ಈ ಗಡಿ ಸಿಕ್ಕರೆ ಅದೇ ನಿಮ್ಮ ವರದಿಯ ಮುಖ್ಯ ಚಿತ್ರ. ಗಡಿಯ ಮೇಲಿನ ಕಾಂಗ್ಲೋಮರೇಟಿನಲ್ಲಿ ಕನಿಷ್ಠ ನೂರು ಉಂಡೆಗಲ್ಲುಗಳನ್ನು ಎಣಿಸಿ, ಯಾವ ಕಲ್ಲಿನವು, ಉದ್ದದ ಅಕ್ಷ ಎಷ್ಟು, ಎಷ್ಟು ದುಂಡಗಿವೆ ಎಂದು ಪಟ್ಟಿ ಮಾಡಿ. ಕೆಳಗಿನ ಗ್ರೂಪಿನ ಕ್ವಾರ್ಟ್ಜೈಟ್ ಮೇಲಿನದರ ಉಂಡೆಯಾಗಿ ಕಂಡರೆ, ಕೆಳಗಿನದು ಆಗಲೇ ಗಟ್ಟಿಯಾಗಿ ಸವೆಯುತ್ತಿತ್ತು ಎನ್ನಲು ಬೇರೆ ಸಾಕ್ಷಿ ಬೇಡ.

ಈಗ ಕಲ್ಲಿನ ವಿವರಣೆ. ಕ್ರಮ ಹೀಗಿರಲಿ: ಕಣಗಾತ್ರ, ಕಣಗಳ ಏಕರೂಪತೆ, ದುಂಡುತನ, ಖನಿಜಗಳು, ಕಣಗಳನ್ನು ಹಿಡಿದಿಟ್ಟ ಬಂಧಕ, ಪದರದ ದಪ್ಪ, ಪದರದೊಳಗಿನ ರಚನೆ, ಬಿರುಕುಗಳು, ಬಣ್ಣ ಎಲ್ಲಕ್ಕಿಂತ ಕೊನೆಗೆ. ಬಹಳ ಮಂದಿ ಬಣ್ಣದಿಂದ ಆರಂಭಿಸುತ್ತಾರೆ. ಬಾದಾಮಿಯಲ್ಲಿ ಬಣ್ಣದಷ್ಟು ದಾರಿ ತಪ್ಪಿಸುವುದು ಮತ್ತೊಂದಿಲ್ಲ. ಕೆಂಪಿಗೆ ಕಾರಣ ಕಣಗಳ ಮೇಲೆ ತೆಳ್ಳಗೆ ಕೂತ ಹೆಮಟೈಟ್, ತೂಕದಲ್ಲಿ ಶೇ. 1ರಷ್ಟು ಇದ್ದರೂ ಇಡೀ ಬಂಡೆ ಕೆಂಪಾಗುತ್ತದೆ. ಒಂದೇ ಪದರ ಹತ್ತು ಹೆಜ್ಜೆಯಲ್ಲಿ ಕೆಂಪಿನಿಂದ ಕೆನೆಬಣ್ಣಕ್ಕೆ ತಿರುಗಬಹುದು. ಜೊತೆಗೆ ಕಬ್ಬಿಣ ತುಂಬಿದ ನೀರು ಕಲ್ಲಿನೊಳಗೆ ಹರಡಿ ಬಿಟ್ಟ ಬಣ್ಣದ ಪಟ್ಟೆಗಳಿವೆ. ಅವು ಪದರದಂತೆಯೇ ಕಾಣುತ್ತವೆ, ಆದರೆ ಬಳುಕುತ್ತ ಹೋಗಿ ನಿಜವಾದ ಪದರವನ್ನು ಅಡ್ಡಹಾಯುತ್ತವೆ. ಪರೀಕ್ಷೆ ಸರಳ: ಪಟ್ಟೆಯ ಆಚೆ ಈಚೆ ಲೆನ್ಸ್ ಹಿಡಿದು ಕಣಗಾತ್ರ ನೋಡಿ. ಗಾತ್ರ ಬದಲಾಗದೆ ಬಣ್ಣ ಮಾತ್ರ ಬದಲಾದರೆ ಅದು ಪದರವಲ್ಲ.

ಬಣ್ಣವನ್ನು ಹೊಸದಾಗಿ ಒಡೆದ ಮುಖದ ಮೇಲೆ, ನೆರಳಿನಲ್ಲಿ, ಕಲ್ಲು ಒಣಗಿದ್ದಾಗ, ಮನ್ಸೆಲ್ ಬಣ್ಣದ ಪಟ್ಟಿಯ ಪಕ್ಕ ಇಟ್ಟು ಗುರುತಿಸಿ. ‘ಮಾಸಲು ಕೆಂಗಂದು, 10ಆರ್ 5/4’ ಎಂಬ ರೀತಿಯಲ್ಲಿ, ಬಣ್ಣದ ಹೆಸರಿನ ಜೊತೆ ಆ ಪಟ್ಟಿಯ ಸಂಕೇತ. ಬಿಸಿಲುಮಳೆಗೆ ಒಡ್ಡಿದ ಮುಖದ ಬಣ್ಣವನ್ನು ಬೇರೆ ಸಾಲಿನಲ್ಲಿ ಬರೆಯಿರಿ.

ಕಣಗಾತ್ರಕ್ಕೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಮತ್ತು ಮರಳು ಅಂಟಿಸಿದ ಹೋಲಿಕೆ ಕಾರ್ಡ್ ಸಾಕು. 1/16ರಿಂದ 2 ಮಿಲಿಮೀಟರ್ ನಡುವಿನದ್ದು ಮರಳು. ಅದರೊಳಗೆ 1/8ರವರೆಗೆ ಅತಿ ಸಣ್ಣ, 1/4ರವರೆಗೆ ಸಣ್ಣ, 1/2ರವರೆಗೆ ಮಧ್ಯಮ, 1ರವರೆಗೆ ದಪ್ಪ, 2ರವರೆಗೆ ಅತಿ ದಪ್ಪ. ಲೆನ್ಸನ್ನು ಕಣ್ಣಿಗೆ ಹತ್ತಿರ ಹಿಡಿದು ಕಲ್ಲನ್ನು ಅದರತ್ತ ತನ್ನಿ. ಹಲವರು ಲೆನ್ಸನ್ನು ಕಲ್ಲಿನ ಮೇಲಿಟ್ಟು ದೂರದಿಂದ ಇಣುಕುತ್ತಾರೆ, ಕಾಣುವ ವಿಸ್ತಾರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹೆಚ್ಚಾಗಿರುವ ಗಾತ್ರ ಯಾವುದು, ಅತಿ ದೊಡ್ಡದು ಯಾವುದು, ಎರಡನ್ನೂ ಬರೆಯಬೇಕು. ಮಧ್ಯಮ ಮರಳಿನ ನಡುವೆ 15 ಮಿಲಿಮೀಟರಿನ ಬೆಣಚಿನ (ಕ್ವಾರ್ಟ್ಜ್) ಹರಳು ಸಿಕ್ಕರೆ, ನೀರಿನ ಸೆಳೆತದ ಬಗ್ಗೆ ಸರಾಸರಿ ಹೇಳದ್ದನ್ನು ಅದು ಹೇಳುತ್ತದೆ.

ಖನಿಜದಲ್ಲಿ ಬೆಣಚು ಗಾಜಿನಂತೆ, ಮುರಿದಲ್ಲಿ ಅಡ್ಡಾದಿಡ್ಡಿ. ಫೆಲ್ಡ್‌ಸ್ಪಾರ್‌ಗೆ ಚಪ್ಪಟೆ ಸೀಳುಮುಖ ಇರುತ್ತದೆ, ಬಿಸಿಲಿಗೆ ತಿರುಗಿಸಿದಾಗ ಒಮ್ಮೆಲೇ ಮಿಂಚುತ್ತದೆ. ಆದರೆ ಬಾದಾಮಿಯಂಥ ಕಡೆ ಮೇಲ್ಮೈಯಲ್ಲಿರುವ ಫೆಲ್ಡ್‌ಸ್ಪಾರ್ ಕೊಳೆತು ಬಿಳಿ ಜೇಡಿಯಾಗಿರುವುದೇ ಹೆಚ್ಚು, ಅಥವಾ ಉದುರಿಹೋಗಿ ಬರಿಯ ತೂತು ಉಳಿದಿರುತ್ತದೆ. ಬಿಳಿ ಚುಕ್ಕೆಯನ್ನು ಸೂಜಿಯಿಂದ ಚುಚ್ಚಿ; ಮೆತ್ತಗಿದ್ದರೆ ಅದನ್ನು ಜೇಡಿ ಎಂದು ಎಣಿಸಬೇಡಿ, ‘ಕೊಳೆತ ಫೆಲ್ಡ್‌ಸ್ಪಾರ್ ಇರಬಹುದು’ ಎಂದು ಬರೆದು ಪ್ರಯೋಗಾಲಯಕ್ಕೆ ಬಿಡಿ. ಈ ಒಂದು ತಪ್ಪಿನಿಂದಲೇ ವರ್ಗೀಕರಣ ಹೇಗೆ ಅಡಿಮೇಲಾಗುತ್ತದೆ ಎಂಬುದನ್ನು ಮುಂದೆ ನೋಡಿ. ಬಂಧಕಕ್ಕೆ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ: ನೊರೆ ಬಂದರೆ ಕ್ಯಾಲ್ಸೈಟ್, ಪುಡಿ ಮಾಡಿದ ಮೇಲಷ್ಟೇ ಬಂದರೆ ಡಾಲೊಮೈಟ್, ಬಾರದಿದ್ದರೆ ಸಿಲಿಕಾ, ಕಬ್ಬಿಣ ಅಥವಾ ಜೇಡಿ. ನೀರಿನಲ್ಲಿ ನೆನೆಸಿದ ತುಣುಕು ಬೆರಳಿಗೆ ಪುಡಿಯಾದರೆ ಜೇಡಿಯ ಪಾಲು ಹೆಚ್ಚು.

ಈಗ ವರ್ಗೀಕರಣ. ಹೆಚ್ಚು ಬಳಕೆಯಲ್ಲಿರುವವು ಎರಡು ಪದ್ಧತಿಗಳು: ಡಾಟ್ 1964ರಲ್ಲಿ ಸೂಚಿಸಿ ಆಮೇಲೆ ಪೆಟಿಜಾನ್ ಮೊದಲಾದವರು ತಿದ್ದಿದ್ದು ಒಂದು, ಫೋಕ್ ಅವರದು ಇನ್ನೊಂದು. ಡಾಟ್ ಪದ್ಧತಿ ಮೊದಲು ಕಣಗಳ ನಡುವಿನ ನುಣುಪು ಪುಡಿಯನ್ನು, ಅಂದರೆ ಮ್ಯಾಟ್ರಿಕ್ಸನ್ನು ನೋಡುತ್ತದೆ. ಅದು ಶೇ. 15ಕ್ಕಿಂತ ಕಡಿಮೆ ಇದ್ದರೆ ಅರೆನೈಟ್, 15ರಿಂದ 75ರವರೆಗೆ ವ್ಯಾಕ್, ಅದಕ್ಕೂ ಮೇಲಾದರೆ ಅದು ಮರಳುಗಲ್ಲೇ ಅಲ್ಲ. ಆಮೇಲೆ ಬೆಣಚು, ಫೆಲ್ಡ್‌ಸ್ಪಾರ್, ಶಿಲಾತುಣುಕು ಈ ಮೂರನ್ನೇ ನೂರಕ್ಕೆ ಸರಿಹೊಂದಿಸಿ ತ್ರಿಕೋನದಲ್ಲಿ ಇಡಬೇಕು. ಬೆಣಚು 95 ದಾಟಿದರೆ ಕ್ವಾರ್ಟ್ಜ್ ಅರೆನೈಟ್. ಫೆಲ್ಡ್‌ಸ್ಪಾರ್ 5ರಿಂದ 25ರ ನಡುವೆ ಇದ್ದು ಶಿಲಾತುಣುಕಿಗಿಂತ ಹೆಚ್ಚಿದ್ದರೆ ಸಬ್‌ಆರ್ಕೋಸ್, 25 ದಾಟಿದರೆ ಆರ್ಕೋಸ್. ಕೇವ್ ಟೆಂಪಲ್ ಅರೆನೈಟಿನ ಬಹುಪಾಲು ಕ್ವಾರ್ಟ್ಜ್ ಅರೆನೈಟ್ ಮತ್ತು ಸಬ್‌ಆರ್ಕೋಸ್ ನಡುವೆ ಬೀಳುತ್ತದೆ.

ಇದಕ್ಕೆ 0.03 ಮಿಲಿಮೀಟರ್ ದಪ್ಪದ ತೆಳುಛೇದ ಬೇಕು; ಪ್ರತಿ ಛೇದದಲ್ಲಿ 300ರಿಂದ 500 ಬಿಂದುಗಳನ್ನು ಎಣಿಸಬೇಕು. ನೂರು ಎಣಿಸಿ ಬಿಟ್ಟರೆ 95ರ ಗಡಿಯ ಆಚೆಯೋ ಈಚೆಯೋ ಎಂದು ಖಚಿತವಾಗಿ ಹೇಳಲಾಗದು. ಕೊಳೆತ ಫೆಲ್ಡ್‌ಸ್ಪಾರ್ ಒತ್ತಡಕ್ಕೆ ನುಜ್ಜಾಗಿ ಬೆಣಚಿನ ಕಣಗಳ ನಡುವೆ ಹಿಂಡಿಕೊಂಡಿರುತ್ತದೆ. ಅದನ್ನು ಮ್ಯಾಟ್ರಿಕ್ಸ್ ಎಂದು ಎಣಿಸಿದಿರೋ, ಎರಡು ಕಡೆ ಪೆಟ್ಟು: ಮ್ಯಾಟ್ರಿಕ್ಸ್ 15 ದಾಟಿ ಅರೆನೈಟ್ ವ್ಯಾಕ್ ಆಗುತ್ತದೆ, ಫೆಲ್ಡ್‌ಸ್ಪಾರ್ ಇಳಿದು ಸಬ್‌ಆರ್ಕೋಸ್ ಕ್ವಾರ್ಟ್ಜ್ ಆಗುತ್ತದೆ. ಒಂದು ತಪ್ಪಿನಿಂದ ‘ಕ್ವಾರ್ಟ್ಜ್ ವ್ಯಾಕ್’ ಎಂಬ ಬಲು ಅಪರೂಪದ ಕಲ್ಲು ಹುಟ್ಟುತ್ತದೆ! ಜೇಡಿಯ ತೇಪೆಯ ಅಂಚು ಒಂದು ಕಣದ ಆಕಾರ, ಗಾತ್ರ ಉಳಿಸಿಕೊಂಡಿದೆಯೇ ನೋಡಿ. ಉಳಿಸಿಕೊಂಡಿದ್ದರೆ ಅದು ಫೆಲ್ಡ್‌ಸ್ಪಾರ್ ಖಾನೆಗೆ. ಚರ್ಟ್ (ಅತಿ ಸೂಕ್ಷ್ಮ ಹರಳುಗಳ ಸಿಲಿಕಾ ಕಲ್ಲು) ಕಣಗಳನ್ನು ಫೋಕ್ ಶಿಲಾತುಣುಕಿನ ಕಡೆಗೆ ಹಾಕುತ್ತಾರೆ, ಬೇರೆ ಕೆಲವರು ಬೆಣಚಿನ ಕಡೆಗೆ. ಯಾವುದಾದರೂ ಸರಿ, ಆದರೆ ಯಾರ ಪದ್ಧತಿ ಎಂದು ಹೇಳಿ, ಕೊನೆಯವರೆಗೆ ಅದನ್ನೇ ಪಾಲಿಸಿ.

ಕ್ವಾರ್ಟ್ಜೈಟ್ ಗೊಂದಲವನ್ನು ಇಲ್ಲೇ ಬಿಡಿಸಬೇಕು. ಸುತ್ತಿಗೆಯಿಂದ ಒಡೆದಾಗ ಬಿರುಕು ಕಣಗಳನ್ನು ಸುತ್ತಿಕೊಂಡು ಹೋದರೆ ಮರಳುಗಲ್ಲು, ಕಣಗಳನ್ನು ಸೀಳಿಕೊಂಡು ಹೋದರೆ ಕ್ವಾರ್ಟ್ಜೈಟ್ ಎಂದು ಕಲಿತಿರುತ್ತೀರಿ. ಈ ಪರೀಕ್ಷೆ ಅರ್ಧ ಸತ್ಯ. ಸಿಲಿಕಾ ಬಂಧಕ ಬಿಗಿಯಾಗಿ ತುಂಬಿದ, ಆದರೆ ಎಂದೂ ರೂಪಾಂತರಗೊಳ್ಳದ ಮರಳುಗಲ್ಲೂ ಕಣ ಸೀಳಿಕೊಂಡೇ ಒಡೆಯುತ್ತದೆ. ಹಳೆಯ ಬರಹಗಳಲ್ಲಿ ಅದನ್ನೂ ಕ್ವಾರ್ಟ್ಜೈಟ್ ಎಂದೇ ಕರೆದರು. ಬಾಗಲಕೋಟೆ ಗ್ರೂಪಿನ ಸವದತ್ತಿ ಕ್ವಾರ್ಟ್ಜೈಟ್‌ನಂಥ ಹೆಸರುಗಳು ಆ ಕಾಲದ ರೂಢಿಯಿಂದಲೇ ಉಳಿದಿವೆ. ತೆಳುಛೇದ ನೋಡಿದರೆ ವಿಷಯ ಬಗೆಹರಿಯುತ್ತದೆ. ದುಂಡನೆಯ ಮೂಲ ಕಣದ ಅಂಚಿನಲ್ಲಿ ದೂಳಿನ ಗೆರೆ, ಅದರ ಸುತ್ತ ಬೆಳೆದ ಹೊಸ ಬೆಣಚು ಕಂಡರೆ ಅದು ಸಿಲಿಕಾ ಬಂಧಿತ ಮರಳುಗಲ್ಲು. ಆ ಗೆರೆ ಅಳಿಸಿಹೋಗಿ, ಕಣಗಳು ಹಲ್ಲುಹಲ್ಲಾಗಿ ಒಂದರೊಳಗೊಂದು ಕೂತು, ಅಭ್ರಕ ಒಂದೇ ದಿಕ್ಕಿಗೆ ಮಲಗಿದ್ದರೆ ಅದು ರೂಪಾಂತರದ ಕ್ವಾರ್ಟ್ಜೈಟ್. ಬಾದಾಮಿ ಗ್ರೂಪಿನ ಕಲ್ಲನ್ನು ಕ್ವಾರ್ಟ್ಜೈಟ್ ಎಂದು ಬರೆಯಲು ನನಗೆ ಕಾರಣ ಕಾಣುವುದಿಲ್ಲ. ಘಟಕದ ಔಪಚಾರಿಕ ಹೆಸರಿನಲ್ಲಿ ಆ ಪದವಿದ್ದರೆ ಹಾಗೆಯೇ ಬಿಡಿ, ವಿವರಣೆಯಲ್ಲಿ ನೀವು ಕಂಡದ್ದನ್ನು ಬರೆಯಿರಿ.

ಪದರದ ದಪ್ಪಕ್ಕೂ ಮಿತಿಗಳಿವೆ: 1 ಸೆಂಟಿಮೀಟರಿಗಿಂತ ತೆಳುವಾದದ್ದು ಲ್ಯಾಮಿನ, 3ರಿಂದ 10 ತೆಳು ಪದರ, 10ರಿಂದ 30 ಮಧ್ಯಮ, 30ರಿಂದ 100 ದಪ್ಪ, ಮೀಟರ್ ಮೀರಿದ್ದು ಅತಿ ದಪ್ಪ. ಬಾದಾಮಿಯಲ್ಲಿ ಕಣ್ಣಿಗೆ ಮೊದಲು ಹೊಡೆಯುವುದು ಅಡ್ಡಪದರ. ಮಟ್ಟಸವಾದ ಎರಡು ಗೆರೆಗಳ ನಡುವೆ ಓರೆಯಾಗಿ ಇಳಿಯುವ ಎಳೆಗಳು ಅವು; ಅಂಥ ಎಳೆಗಳ ಒಂದು ಗುಂಪೇ ಒಂದು ಕಟ್ಟು. ಈ ಓರೆ ಎಳೆಯ ಮೇಲೆ ಕ್ಲಿನೋಮೀಟರ್ (ಓರೆ ಅಳೆಯುವ ಸಲಕರಣೆ) ಇಟ್ಟು ‘ಡಿಪ್ 22 ಡಿಗ್ರಿ’, ಅಂದರೆ ಪದರವೇ ಅಷ್ಟು ವಾಲಿದೆ ಎಂದು ಬರೆಯುವುದು ಇಲ್ಲಿ ಆಗುವ ಅತಿ ಸಾಮಾನ್ಯ ತಪ್ಪು. ಅದು ಪ್ರವಾಹ ಮರಳನ್ನು ಜಾರಿಸಿದ ಇಳಿಜಾರು, ಭೂಚಲನೆಯ ವಾಲಿಕೆ ಅಲ್ಲ. ಪದರದ ಡಿಪ್ಪನ್ನು ಎರಡು ಕಟ್ಟುಗಳ ನಡುವಿನ ಮುಖ್ಯ ಗಡಿಯ ಮೇಲೆ, ಸಾಧ್ಯವಾದರೆ ಶೇಲ್ ಪದರದ ಮೇಲೆ ಅಳೆಯಬೇಕು. ಅಂಥ ಒಂದು ತಪ್ಪು ಓದು ನಕ್ಷೆಗೆ ಇಳಿದರೆ, ಮಟ್ಟಸವಾದ ಬಾದಾಮಿ ಗ್ರೂಪ್ ಮಡಿಕೆಬಿದ್ದಂತೆ ಕಾಣುತ್ತದೆ. ಕೆಳಗಿನ ಗ್ರೂಪಿನಿಂದ ಅದನ್ನು ಬೇರ್ಪಡಿಸಿದ ಆಧಾರವೇ ಕುಸಿಯುತ್ತದೆ.

ಓರೆ ಎಳೆಗಳನ್ನು ಅಳೆಯುವುದು ಬೇರೆ ಉದ್ದೇಶಕ್ಕೆ: ಪ್ರವಾಹ ಯಾವ ಕಡೆ ಹರಿಯುತ್ತಿತ್ತು ಎಂದು ತಿಳಿಯಲು. ಒಂದು ಜಾಗದಲ್ಲಿ 25 ಓದುಗಳಾದರೂ ಇರಲಿ, ಪ್ರತಿಯೊಂದೂ ಬೇರೆ ಬೇರೆ ಕಟ್ಟಿನಿಂದ. ಬಂಡೆಯ ಒಂದೇ ಮುಖದಲ್ಲಿ ಕಾಣುವುದು ತೋರಿಕೆಯ ಓರೆ. ನಿಜವಾದ ದಿಕ್ಕಿಗೆ ಎರಡು ಮುಖ ಕೂಡುವ ಮೂಲೆ ಅಥವಾ ಎಳೆಯ ಮೇಲ್ಮೈಯೇ ತೆರೆದಿರುವ ಜಾಗ ಹುಡುಕಿ. ದಿಕ್ಕುಗಳ ಸರಾಸರಿ ತೆಗೆಯುವಾಗ ಎಚ್ಚರ: 350 ಮತ್ತು 10 ಡಿಗ್ರಿಗಳನ್ನು ಕೂಡಿ ಎರಡರಿಂದ ಭಾಗಿಸಿದರೆ 180 ಬರುತ್ತದೆ, ಉತ್ತರಕ್ಕೆ ಹರಿದ ನದಿ ದಕ್ಷಿಣಕ್ಕೆ ಹರಿದಂತಾಗುತ್ತದೆ. ಪ್ರತಿ ಓದಿನ ಸೈನ್, ಕೊಸೈನ್ ತೆಗೆದು ಬೇರೆ ಬೇರೆ ಕೂಡಿ ಸದಿಶ ಸರಾಸರಿ ಕಂಡುಹಿಡಿಯಬೇಕು.

ವ್ಯಾಖ್ಯಾನ ಬರೆಯುವಾಗ ಒಂದನ್ನು ನೆನಪಿಡಿ. ಈ ಮರಳು ಕೂತಾಗ ನೆಲದ ಮೇಲೆ ಗಿಡಮರ ಇರಲಿಲ್ಲ. ದಂಡೆಯನ್ನು ಬೇರಿನಿಂದ ಹಿಡಿಯುವವರಿಲ್ಲದೆ ನದಿಗಳು ಅಗಲವಾಗಿ, ಆಳವಿಲ್ಲದೆ, ಹಲವು ಸೀಳಾಗಿ ಹರಡಿ ಹರಿದವು. ಇಂದಿನ ಮಲಪ್ರಭೆಯ ಬಾಗುಬಳುಕನ್ನು ಮಾದರಿಯಾಗಿಟ್ಟುಕೊಂಡು ಆ ಕಲ್ಲನ್ನು ಓದಬಾರದು. ನದಿಯ ಬದಿಯ ಕೆಸರುಬಯಲಿನ ಕಲ್ಲು ಕಡಿಮೆ ಸಿಗುವುದೂ ಇದೇ ಕಾರಣಕ್ಕೆ. ‘ಕೆಸರಿಲ್ಲ, ಆದ್ದರಿಂದ ಕಡಲತೀರ’ ಎಂಬ ತರ್ಕ ಇಲ್ಲಿ ನಿಲ್ಲುವುದಿಲ್ಲ.

ಚಿಪ್ಪು, ಎಲುಬಿನ ಪಳೆಯುಳಿಕೆಗಳಿಲ್ಲದ ಕಾರಣ ವಯಸ್ಸನ್ನು ಸುತ್ತುಬಳಸಿ ಹೇಳಬೇಕಾಗುತ್ತದೆ. ಬಾಗಲಕೋಟೆ ಗ್ರೂಪನ್ನು ಸೀಳಿಕೊಂಡು ಬಂದ ಡೈಕ್ (ಬಿರುಕಿನಲ್ಲಿ ಏರಿ ಗಟ್ಟಿಯಾದ ಶಿಲಾರಸ) ಒಂದರ ಆರ್ಗಾನ್ ಕಾಲನಿರ್ಣಯ ಸುಮಾರು 115 ಕೋಟಿ ವರ್ಷ. ಅಂದರೆ ಆ ಗ್ರೂಪ್ ಅದಕ್ಕಿಂತ ಹಳೆಯದು. ಬಾದಾಮಿ ಗ್ರೂಪನ್ನು ಸಾಮಾನ್ಯವಾಗಿ ನಿಯೋಪ್ರೊಟೆರೊಜೋಯಿಕ್‌ಗೆ ಸೇರಿಸುತ್ತಾರೆ, ಅಂದರೆ 100 ಕೋಟಿ ವರ್ಷದಿಂದ ಈಚೆಗೆ, ಸುಮಾರು 54 ಕೋಟಿಗಿಂತ ಆಚೆಗೆ. ಮರಳಿನಲ್ಲಿ ಸಿಗುವ ಜಿರ್ಕಾನ್ ಹರಳಿನ ವಯಸ್ಸು ಎಲ್ಲಾದರೂ ಕಂಡರೆ ಅದನ್ನು ಬಂಡೆಯ ವಯಸ್ಸೆಂದು ಎತ್ತಿ ಬರೆಯಬೇಡಿ. ಅದು ಮರಳು ಕಿತ್ತುಬಂದ ಮೂಲಶಿಲೆಯ ವಯಸ್ಸು, ಬಂಡೆ ಅದಕ್ಕಿಂತ ಈಚಿನದು ಎಂದಷ್ಟೇ ಅದರ ಅರ್ಥ.

ನೋಟ್‌ಬುಕ್ಕಿನ ಒಂದು ನಮೂದು ಹೇಗಿರಬೇಕು ಎಂಬುದಕ್ಕೆ ಕಲ್ಪಿತ ಮಾದರಿ ಕೊಡುತ್ತೇನೆ. ‘ಮರಳುಗಲ್ಲು, ಮಧ್ಯಮದಿಂದ ದಪ್ಪ ಕಣ, ಅತಿ ದೊಡ್ಡ ಕಣ 6 ಮಿ.ಮೀ.; ಏಕರೂಪತೆ ಮಧ್ಯಮ; ಕಣ ಅರೆದುಂಡು; ಬೆಣಚು ಸುಮಾರು ಶೇ. 90, ಬಿಳಿ ಮೆತ್ತನೆಯ ಚುಕ್ಕೆ ಸುಮಾರು 8, ಕೊಳೆತ ಫೆಲ್ಡ್‌ಸ್ಪಾರ್ ಇರಬಹುದು. ಬಂಧಕ ಸಿಲಿಕಾ, ಅಲ್ಪ ಕಬ್ಬಿಣ, ಆಮ್ಲಕ್ಕೆ ನೊರೆ ಇಲ್ಲ. ಕಟ್ಟುಗಳು 40ರಿಂದ 70 ಸೆಂ.ಮೀ., ಬುಡ ಕೊರೆದಂತೆ, ಒಳಗೆ ತೊಟ್ಟಿಯಾಕಾರದ ಅಡ್ಡಪದರ. ಪದರದ ಡಿಪ್ 3 ಡಿಗ್ರಿ. ಲಂಬ ಬಿರುಕು ಎರಡು ದಿಕ್ಕಿನಲ್ಲಿ, ಅಂತರ 2ರಿಂದ 4 ಮೀ.; ಬಣ್ಣ 10ಆರ್ 5/4.’ ಇದರಲ್ಲಿ ನದಿಯ ಹೆಸರಿಲ್ಲ, ಫಾರ್ಮೇಷನ್ನಿನ ಹೆಸರೂ ಇಲ್ಲ. ನಾಳೆ ಯಾರಾದರೂ ವರ್ಗೀಕರಣ ಬದಲಿಸಿದರೂ ಈ ಸಾಲುಗಳು ಕೆಡುವುದಿಲ್ಲ. ಬಂಡೆಯ ಮೇಲಿನ ಜೇನುಗೂಡಿನಂಥ ಗುಳಿಗಳನ್ನು ಈ ಸಾಲಿಗೆ ಸೇರಿಸಬೇಡಿ. ಉಪ್ಪು, ತೇವ ಆಮೇಲೆ ಕೊರೆದದ್ದು ಅವು, ‘ಸವೆತ’ ಎಂಬ ಬೇರೆ ಖಾನೆಗೆ ಹೋಗಲಿ.

ಮಾದರಿ ತೆಗೆಯುವ ವಿಷಯ. ಮುಷ್ಟಿಗಾತ್ರದ, ಒಳಗಿನ ಮುಖ ಕಾಣುವ ತುಣುಕು ಸಾಕು. ಕೀಳುವ ಮೊದಲೇ ಮೇಲ್ಭಾಗಕ್ಕೆ ಬಾಣದ ಗುರುತು, ಸಂಖ್ಯೆ ಹಾಕಿ. ಚೀಲಕ್ಕೆ ಸೇರಿದ ಮೇಲೆ ಯಾವುದು ಮೇಲೆ ಎಂದು ಹೇಳಲು ಬರುವುದಿಲ್ಲ. ಸ್ಥಳವನ್ನು ಅಕ್ಷಾಂಶ ರೇಖಾಂಶದಲ್ಲಿ, ಡಬ್ಲ್ಯುಜಿಎಸ್ 84 (ಜಿಪಿಎಸ್ ಬಳಸುವ ಅಳತೆಯ ಚೌಕಟ್ಟು) ಎಂದು ಸೂಚಿಸಿ ಬರೆಯಿರಿ. ಗುಹಾಲಯ, ಕೋಟೆ, ದೇವಾಲಯಗಳ ಬಂಡೆಗಳಿಗೆ ಸುತ್ತಿಗೆಯನ್ನೂ ಆಮ್ಲವನ್ನೂ ಮುಟ್ಟಿಸಕೂಡದು. ಸಂರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡುವುದು 1958ರ ಕಾಯ್ದೆಯಡಿ ಅಪರಾಧ. ಸಿಡಿಲಫಡಿಯಂಥ ಕಲ್ಲಾಸರೆಗಳಲ್ಲಿ ಪ್ರಾಗೈತಿಹಾಸಿಕ ಚಿತ್ರಗಳಿವೆ, ಅಲ್ಲಿ ಕಣ್ಣು, ಲೆನ್ಸ್, ಕ್ಯಾಮೆರಾ ಮೂರೇ ಸಲಕರಣೆ. ಮಾದರಿಗೆ ರಸ್ತೆ ಕಡಿದ ಗೋಡೆ ಅಥವಾ ಬಿಟ್ಟುಹೋದ ಕ್ವಾರಿ ಹುಡುಕಿ, ಜಾಗದ ಒಡೆಯರ ಒಪ್ಪಿಗೆ ಪಡೆಯಿರಿ. ಕಡಿದಾದ ಗೋಡೆಯ ದಪ್ಪ ಅಳೆಯಲು ಹತ್ತಬೇಕಾಗಿಲ್ಲ. ಪದರ ಮಟ್ಟಸವಾಗಿರುವ ಕಡೆ ಮೆಟ್ಟಿಲುದಾರಿಯಲ್ಲಿ ಒಂದೂವರೆ ಮೀಟರಿನ ಕೋಲು ಮತ್ತು ಕ್ಲಿನೋಮೀಟರ್ ಹಿಡಿದು ಕೋಲುಕೋಲಾಗಿ ಮೇಲೇರಿದರೆ ಎತ್ತರದ ವ್ಯತ್ಯಾಸವೇ ದಪ್ಪ. 1:100ರ ಪ್ರಮಾಣದಲ್ಲಿ ಛೇದ ಬರೆದರೆ 90 ಮೀಟರಿಗೆ 90 ಸೆಂಟಿಮೀಟರ್ ಉದ್ದದ ಹಾಳೆ ಬೇಕಾಗುತ್ತದೆ, ಗ್ರಾಫ್ ಹಾಳೆಗಳನ್ನು ಹೊರಡುವ ಮೊದಲೇ ಅಂಟಿಸಿಕೊಂಡು ಹೋಗಿ.